ವಯಸ್ಸು, ವೃಷಣ ಮತ್ತು ಸಕ್ಕರೆಯ ಅಣುಗಳು: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಎಲ್ಲಿ ಆರೋಗ್ಯದ ಬಗ್ಗೆ ಮಾತನಾಡಿದರೂ ಗಂಡಸರು ಸಭೆಯಲ್ಲಿ ಬಾಯಿ ಬಿಡುವುದಿಲ್ಲ. ಮೈಕ್ ಆರಿದ ಮೇಲೆ ಕಾಫಿ ಲೋಟ ಹಿಡಿದು ಬಂದು, ಮೂಲೆಗೆ ಕರೆದು, ದನಿ ತಗ್ಗಿಸಿ ಕೇಳುತ್ತಾರೆ. ಅದೂ ಆಗದವರು ಪತ್ರ ಬರೆಯುತ್ತಾರೆ. ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತನಾದವನಿಗೆ ಬರುವ ಪ್ರಶ್ನೆಗಳೆಲ್ಲ ವೈದ್ಯರಿಗೆ ಹೋಗಬೇಕಾದವು. ಆದರೂ ಅವುಗಳ ಹಿಂದಿರುವ ವಿಜ್ಞಾನವನ್ನು ನಾನು ವಿವರಿಸಬಲ್ಲೆ. ವಯಸ್ಸಾದಂತೆ ಗಂಡಸಿನ ವೃಷಣ, ವೀರ್ಯ ಮೊದಲಾದೆಡೆ ಇರುವ ಸಕ್ಕರೆಯ ಅಣುಗಳಿಗೆ ಏನಾಗುತ್ತದೆ ಎಂಬ ಬಗ್ಗೆ ಮೇಲಿಂದ ಮೇಲೆ ಬಂದವನ್ನು ಕೇಳಿದವರ ಮಾತಿನಲ್ಲಿಯೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಕೊನೆಗೆ.

ಮೊದಲು ತಿಳಿಯಬೇಕಾದದ್ದು

ನನಗೆ ಶುಗರ್ ಇಲ್ಲ ಮೇಷ್ಟ್ರೇ. ಹಾಗಿದ್ದ ಮೇಲೆ ನನ್ನ ವೃಷಣದಲ್ಲಿ ಸಕ್ಕರೆ ಎಲ್ಲಿಂದ ಬಂತು?

ರಕ್ತದಲ್ಲಿ ಓಡುವ ಗ್ಲೂಕೋಸ್ ಉರುವಲು. ಅದನ್ನೇ ಅಳೆದು ಶುಗರ್ ಇದೆ, ಇಲ್ಲ ಎನ್ನುತ್ತಾರೆ. ಆದರೆ ದೇಹ ಸಕ್ಕರೆಯನ್ನು ಸುಡುವುದಕ್ಕೆ ಮಾತ್ರವಲ್ಲ, ಕಟ್ಟುವುದಕ್ಕೂ ಬಳಸುತ್ತದೆ. ಗ್ಯಾಲಕ್ಟೋಸ್, ಮ್ಯಾನೋಸ್, ಫ್ಯೂಕೋಸ್, ಎನ್-ಅಸಿಟೈಲ್ ಗ್ಲೂಕೋಸಮೈನ್, ಸಿಯಾಲಿಕ್ ಆಮ್ಲ ಮೊದಲಾದ ಸುಮಾರು ಹತ್ತು ಬಗೆಯ ಚಿಕ್ಕ ಸಕ್ಕರೆಗಳನ್ನು ಪೋಣಿಸಿ, ಕವಲು ಕವಲಾದ ಸರಗಳನ್ನು ಮಾಡಿ, ಪ್ರೋಟೀನ್ ಮತ್ತು ಕೊಬ್ಬಿನ ಅಣುಗಳಿಗೆ ಸಿಕ್ಕಿಸುತ್ತದೆ. ಈ ಸರಗಳಿಗೆ ಗ್ಲೈಕಾನ್ ಎಂದು ಹೆಸರು. ನಮ್ಮ ಪ್ರತಿಯೊಂದು ಜೀವಕೋಶದ ಹೊರಮೈಯಲ್ಲೂ ಅವು ಭತ್ತದ ತೆನೆಯ ಮುಳ್ಳಿನಂತೆ ಚಾಚಿಕೊಂಡಿರುತ್ತವೆ.

ಇವು ಎಷ್ಟು ಮುಖ್ಯ ಎಂದು ತಿಳಿಯಲು ನಿಮ್ಮ ರಕ್ತದ ಗುಂಪನ್ನೇ ನೋಡಿ. ಎ ಗುಂಪಿಗೂ ಬಿ ಗುಂಪಿಗೂ ಇರುವ ವ್ಯತ್ಯಾಸ ಸರದ ತುದಿಯ ಒಂದೇ ಒಂದು ಸಕ್ಕರೆ: ಎಯಲ್ಲಿ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್, ಬಿಯಲ್ಲಿ ಗ್ಯಾಲಕ್ಟೋಸ್. ಅಷ್ಟರ ಮೇಲೆ ರಕ್ತ ಕೊಡಬಹುದೋ ಬಾರದೋ ಎಂಬುದು ತೀರ್ಮಾನವಾಗುತ್ತದೆ. ವೃಷಣದಲ್ಲಿ, ಮೂತ್ರಕೋಶದ ಕೆಳಗಿನ ಗ್ರಂಥಿಯಾದ ಪ್ರಾಸ್ಟೇಟ್‌ನಲ್ಲಿ, ವೀರ್ಯಾಣುವಿನ ಮೈಮೇಲೆ ಇರುವುದೂ ಇಂಥ ಸರಗಳೇ. ಶುಗರ್ ಇರಲಿ, ಇಲ್ಲದಿರಲಿ, ಅವು ಎಲ್ಲ ಗಂಡಸರಲ್ಲೂ ಇರುತ್ತವೆ, ಇರಲೇಬೇಕು.

ವಯಸ್ಸಾದಂತೆ ಈ ಸಕ್ಕರೆ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ? ಸುತ್ತಿ ಬಳಸದೆ ಹೇಳಿ.

ಎರಡೂ ಆಗುತ್ತದೆ, ಬೇರೆ ಬೇರೆ ದಾರಿಯಲ್ಲಿ. ಈ ಎರಡು ದಾರಿಗಳನ್ನು ಬೆರೆಸಿ ನೋಡುವುದರಿಂದಲೇ ಜನರಲ್ಲಿ, ಕೆಲವೊಮ್ಮೆ ಪತ್ರಿಕೆಗಳಲ್ಲೂ, ಗೊಂದಲ ಹುಟ್ಟುತ್ತದೆ.

ಮೊದಲನೆಯದು ದೇಹ ತಾನಾಗಿ ಕಟ್ಟುವ ಸರ. ಇದಕ್ಕೆ ಕಿಣ್ವಗಳು ಬೇಕು. ಸಕ್ಕರೆಗಳನ್ನು ಒಂದೊಂದಾಗಿ ಜೋಡಿಸುವ ಕಿಣ್ವಗಳಿಗೆಂದೇ ಮನುಷ್ಯನಲ್ಲಿ ಸುಮಾರು 200 ಜೀನ್‌ಗಳಿವೆ. ವಯಸ್ಸಾದಂತೆ ಕೆಲವು ಕಿಣ್ವಗಳ ಕೆಲಸ ತಗ್ಗುತ್ತದೆ, ಕೆಲವುಗಳದು ಹೆಚ್ಚುತ್ತದೆ. ಸರದ ತುದಿಯಲ್ಲಿರಬೇಕಾದ ಸಕ್ಕರೆ ಕೆಲವೆಡೆ ಇಲ್ಲವಾಗುತ್ತದೆ.

ಎರಡನೆಯದು ಯಾವ ಕಿಣ್ವವೂ ಇಲ್ಲದೆ, ರಕ್ತದ ಗ್ಲೂಕೋಸ್ ಸಿಕ್ಕ ಸಿಕ್ಕ ಪ್ರೋಟೀನಿಗೆ ತಾನಾಗಿ ಅಂಟಿಕೊಳ್ಳುವುದು. ಅಂಟಿದ್ದು ತಿಂಗಳು, ವರ್ಷ ಕಳೆದಂತೆ ಕಂದಾಗಿ, ಗಟ್ಟಿಯಾಗಿ, ಬಿಡಿಸಲಾಗದ ಬಂಧವಾಗುತ್ತದೆ. ಫ್ರಾನ್ಸಿನ ಲೂಯಿ ಕಮೀಲ್ ಮಯ್ಯಾರ್ 1912ರಲ್ಲಿ ವಿವರಿಸಿದ ರಾಸಾಯನಿಕ ಕ್ರಿಯೆ ಇದು. ನಮ್ಮ ತೋಟದ ಕಾಫಿ ಬೀಜ ಹುರಿಯುವಾಗ ಕಂದು ಬಣ್ಣ ಮತ್ತು ಪರಿಮಳ ಬರುವುದೂ ಬಹುಮಟ್ಟಿಗೆ ಇದರಿಂದಲೇ. ಬಾಣಲೆಯಲ್ಲಿ ನಿಮಿಷಗಳಲ್ಲಿ ಆಗುವುದು ಮೈಯ ಬಿಸಿಯಲ್ಲಿ ದಶಕಗಳಲ್ಲಿ ಆಗುತ್ತದೆ. ಈ ದಾರಿಯಲ್ಲಿ ಆಗುವುದು ಹೆಚ್ಚಳ ಮಾತ್ರ.

ಮೊದಲನೆಯದರ ಮೇಲೆ ನಮಗೆ ಹಿಡಿತವಿಲ್ಲ. ಎರಡನೆಯದರ ಮೇಲೆ ಸ್ವಲ್ಪ ಇದೆ. ಮುಂದಿನ ಉತ್ತರಗಳನ್ನು ಓದುವಾಗ ಇದು ನೆನಪಿರಲಿ.

ಎಪ್ಪತ್ತಾದರೂ ಗಂಡಸಿಗೆ ವೀರ್ಯಾಣು ಹೊಸದಾಗಿ ಹುಟ್ಟುತ್ತಲೇ ಇರುತ್ತದೆ ಎನ್ನುತ್ತೀರಿ. ಮತ್ತೆ ಮುದಿಯಾಗುವುದು ಏನು?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಎಪ್ಪತ್ತರ ಮುದುಕನ ವೀರ್ಯಾಣುವಿಗೂ ಇಪ್ಪತ್ತರ ಹುಡುಗನ ವೀರ್ಯಾಣುವಿಗೂ ಆ ಲೆಕ್ಕದಲ್ಲಿ ವಯಸ್ಸು ಒಂದೇ. ಮುದಿಯಾಗುವುದು ಅದು ಹುಟ್ಟಿ ಬೆಳೆಯುವ ಜಾಗ.

ವೃಷಣದೊಳಗೆ ವೀರ್ಯಾಣು ಹುಟ್ಟುವುದು ಸಣ್ಣ ಸಣ್ಣ ನಾಳಗಳಲ್ಲಿ. ಅವುಗಳಲ್ಲಿ ವೀರ್ಯಾಣುಗಳನ್ನು ಸಾಕುವ ಸೆರ್ಟೋಲಿ ಕೋಶಗಳು ದೊಡ್ಡವರಲ್ಲಿ ಹೊಸದಾಗಿ ಹುಟ್ಟುವುದಿಲ್ಲ. ವಯಸ್ಸಾದಂತೆ ಎಣಿಕೆಯಲ್ಲಿ ಕಡಿಮೆಯಾಗುತ್ತವೆ. ನಾಳಗಳ ಸುತ್ತ ತಳಪೊರೆ ಎಂಬ ತೆಳು ಹಾಸು ಇದೆ. ಅದರಲ್ಲಿರುವುದು ಕೊಲಾಜೆನ್, ಲ್ಯಾಮಿನಿನ್ ಎಂಬ ಪ್ರೋಟೀನುಗಳು, ಮತ್ತು ಹೆಪರಾನ್ ಸಲ್ಫೇಟ್ ಎಂಬ ಉದ್ದುದ್ದ ಸಕ್ಕರೆ ಸರಗಳನ್ನು ಹೊತ್ತ ಪ್ರೋಟೀನುಗಳು. ವಯಸ್ಸಾದಂತೆ ಈ ಹಾಸು ದಪ್ಪವಾಗುತ್ತದೆ, ಸುತ್ತ ನಾರು ಹೆಚ್ಚುತ್ತದೆ. ರಕ್ತದಿಂದ ಒಳಗೆ ಹೋಗಬೇಕಾದ ಆಹಾರ ಮತ್ತು ಹಾರ್ಮೋನು ಈ ಹಾಸನ್ನು ದಾಟಿಯೇ ಹೋಗಬೇಕು.

ಕೊಲಾಜೆನ್ ಬಹಳ ಕಾಲ ಉಳಿಯುವ ವಸ್ತು. ಚರ್ಮದ ಕೊಲಾಜೆನ್‌ನಲ್ಲಿ ಅರ್ಧ ಬದಲಾಗಲು ಸುಮಾರು 15 ವರ್ಷ ಬೇಕು ಎಂದು ಅಳೆದಿದ್ದಾರೆ. ಅಷ್ಟು ಕಾಲ ರಕ್ತದ ಸಕ್ಕರೆಯಲ್ಲಿ ನೆನೆದ ವಸ್ತುವಿಗೆ ಗ್ಲೂಕೋಸ್ ಅಂಟದೆ ಬಿಡುತ್ತದೆಯೇ? ಎರಡೂವರೆ ತಿಂಗಳಲ್ಲಿ ಬಂದು ಹೋಗುವ ವೀರ್ಯಾಣುವಿಗೆ ಅಷ್ಟು ಅಂಟುವಷ್ಟು ಸಮಯವಿಲ್ಲ, ಆದರೆ ಅದು ಬೆಳೆಯುವುದು ಈ ಹಳೆಯ ಹಾಸಿನ ಮೇಲೆಯೇ.

ಇನ್ನೊಂದು ಗುರುತು ಲಿಪೊಫಸ್ಸಿನ್ ಎಂಬ ಕಂದು ಕಣಗಳದು. ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ತಯಾರಿಸುವ ಲೈಡಿಗ್ ಕೋಶಗಳಲ್ಲಿ ವಯಸ್ಸಾದಂತೆ ಇವು ಗುಡ್ಡೆ ಬೀಳುತ್ತವೆ. ಜೀವಕೋಶ ಅರಗಿಸಲಾಗದೆ ಬಿಟ್ಟ ಪ್ರೋಟೀನು, ಕೊಬ್ಬು ಮತ್ತು ಸ್ವಲ್ಪ ಸಕ್ಕರೆಯ ಅಂಶ ಅವುಗಳಲ್ಲಿ ಇರುತ್ತದೆ.

ವೀರ್ಯದಲ್ಲಿ ಹಣ್ಣಿನ ಸಕ್ಕರೆ ಇರುತ್ತದಂತೆ. ಹಾಗಾದರೆ ನಮ್ಮ ಕೊಡಗಿನ ಜೇನು ತಿಂದರೆ ಒಳ್ಳೆಯದಲ್ಲವೇ?

ಮೊದಲ ಮಾತು ನಿಜ. ವೀರ್ಯದಲ್ಲಿರುವುದು ಫ್ರಕ್ಟೋಸ್ ಎಂದು ಕೇಂಬ್ರಿಜ್‌ನ ಥಾಡಿಯಸ್ ಮಾನ್ 1946ರಲ್ಲಿ ತೋರಿಸಿದರು. ಮೂತ್ರಕೋಶದ ಹಿಂದಿರುವ ಜೋಡಿ ಗ್ರಂಥಿಗಳಾದ ವೀರ್ಯಕೋಶಗಳು ಅದನ್ನು ತಯಾರಿಸುತ್ತವೆ. ವೀರ್ಯದ ಒಟ್ಟು ದ್ರವದಲ್ಲಿ ಮುಕ್ಕಾಲು ಭಾಗದ ಹತ್ತಿರ ಇವುಗಳದೇ. ಈಜುವ ವೀರ್ಯಾಣುವಿಗೆ ಫ್ರಕ್ಟೋಸ್ ಬುತ್ತಿ.

ಎರಡನೆಯ ಮಾತು ಹಾಗಲ್ಲ. ಜೇನಿನಲ್ಲಿ ಫ್ರಕ್ಟೋಸ್ ಬೇಕಾದಷ್ಟಿದೆ, ತೂಕದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು. ಆದರೆ ತಿಂದ ಫ್ರಕ್ಟೋಸಿನ ಬಹುಪಾಲು ಕರುಳು ಮತ್ತು ಯಕೃತ್ತಿನಲ್ಲೇ ಖರ್ಚಾಗುತ್ತದೆ. ವೀರ್ಯಕೋಶ ತನಗೆ ಬೇಕಾದ ಫ್ರಕ್ಟೋಸನ್ನು ರಕ್ತದ ಗ್ಲೂಕೋಸಿನಿಂದ ತಾನೇ ಮಾಡಿಕೊಳ್ಳುತ್ತದೆ. ಎಷ್ಟು ಮಾಡಬೇಕು ಎಂಬುದನ್ನು ಟೆಸ್ಟೋಸ್ಟೆರಾನ್ ನಿರ್ಧರಿಸುತ್ತದೆ. ವಯಸ್ಸಾದಂತೆ ಆ ಹಾರ್ಮೋನು ನಿಧಾನವಾಗಿ ಇಳಿಯುತ್ತದೆ, ಗ್ರಂಥಿಯ ಸ್ರವಿಕೆ ತಗ್ಗುತ್ತದೆ, ವೀರ್ಯದ ಪ್ರಮಾಣವೂ ತಗ್ಗುತ್ತದೆ. ಅಜ್ಜಂದಿರ ವೀರ್ಯವನ್ನು ಯುವ ತಂದೆಯರದರ ಜೊತೆ ಹೋಲಿಸಿದ ಅಧ್ಯಯನಗಳಲ್ಲಿ ಫ್ರಕ್ಟೋಸ್ ಕಡಿಮೆ ಕಂಡದ್ದೂ ಇದೆ. ಜೇನು ರುಚಿಗೆ ತಿನ್ನಿ. ಶುಗರ್ ಇದ್ದವರು ಅದನ್ನೂ ಲೆಕ್ಕ ಹಾಕಿಯೇ ತಿನ್ನಿ.

ವೀರ್ಯಾಣುವಿನ ಕವಚ

ವೀರ್ಯಾಣುವಿನ ಕೆಲಸ ಈಜುವುದು. ಅದರ ಮೈಮೇಲೆ ಸಕ್ಕರೆಯ ಕವಚ ಏಕೆ ಬೇಕು?

ಈಜುವುದಕ್ಕಿಂತ ಹೆಚ್ಚಾಗಿ ಅದು ಪರರ ನೆಲದಲ್ಲಿ ಬದುಕಿ ಉಳಿಯಬೇಕು. ಹೆಣ್ಣಿನ ದೇಹದ ರೋಗನಿರೋಧಕ ವ್ಯವಸ್ಥೆಗೆ ಅದು ಹೊರಗಿನಿಂದ ಬಂದದ್ದು.

ವೃಷಣದಿಂದ ಹೊರಬಿದ್ದಾಗ ವೀರ್ಯಾಣುವಿಗೆ ಈಜಲೂ ಬರುವುದಿಲ್ಲ, ಅಂಡಾಣುವನ್ನು ಗುರುತಿಸಲೂ ಬರುವುದಿಲ್ಲ. ವೃಷಣದ ಹಿಂಬದಿಗೆ ಅಂಟಿಕೊಂಡು ಎಪಿಡಿಡಿಮಿಸ್ ಎಂಬ ಸುರುಳಿ ನಾಳ ಇದೆ. ಬಿಡಿಸಿ ಹಾಸಿದರೆ ಸುಮಾರು 6 ಮೀಟರ್ ಉದ್ದ. ಅದರೊಳಗೆ ಕೆಲವು ದಿನ ಸಾಗುವಾಗ ವೀರ್ಯಾಣುವಿನ ಮೇಲೆ ಹೊಸ ಪ್ರೋಟೀನುಗಳು ಕೂರುತ್ತವೆ, ಹಳೆಯ ಸರಗಳು ಕತ್ತರಿಸಿ ಹೋಗುತ್ತವೆ, ತುದಿಗಳಿಗೆ ಸಿಯಾಲಿಕ್ ಆಮ್ಲ ಸೇರುತ್ತದೆ. ಹೀಗೆ ಕೂರುವವುಗಳಲ್ಲಿ ಡಿಇಎಫ್‌ಬಿ126 ಎಂಬ ಪ್ರೋಟೀನಿನ ವಿಷಯ ಚೆನ್ನಾಗಿ ತಿಳಿದಿದೆ. ಅದರ ಮೈ ತುಂಬ ಸಿಯಾಲಿಕ್ ಆಮ್ಲ ಹೊತ್ತ ಸರಗಳು. ಸಿಯಾಲಿಕ್ ಆಮ್ಲಕ್ಕೆ ಋಣ ವಿದ್ಯುದಂಶ ಇರುವುದರಿಂದ ವೀರ್ಯಾಣುಗಳು ಒಂದಕ್ಕೊಂದು ಅಂಟುವುದಿಲ್ಲ, ಗರ್ಭಕೊರಳಿನ ಲೋಳೆಯಲ್ಲಿ ಸಿಕ್ಕಿಕೊಳ್ಳದೆ ನುಸುಳುತ್ತವೆ, ರೋಗನಿರೋಧಕ ಕೋಶಗಳ ಕಣ್ಣಿಗೂ ಬೇಗ ಬೀಳುವುದಿಲ್ಲ. ಈ ಪ್ರೋಟೀನಿನ ಜೀನ್‌ನಲ್ಲಿ ಎರಡು ಅಕ್ಷರ ಕಳೆದುಹೋದ ರೂಪವನ್ನು ತಂದೆತಾಯಿ ಇಬ್ಬರಿಂದಲೂ ಪಡೆದ ಗಂಡಸರಲ್ಲಿ ಮಕ್ಕಳಾಗುವುದು ತಡವಾಗುತ್ತದೆ ಎಂದು 2011ರಲ್ಲಿ ಪ್ರಕಟವಾಯಿತು. ಅಂಥವರ ವೀರ್ಯಾಣು ಸೂಕ್ಷ್ಮದರ್ಶಕದಲ್ಲಿ ನೋಡಲು ಸರಿಯಾಗಿಯೇ ಇರುತ್ತದೆ. ಎಣಿಕೆ, ಚಲನೆ, ಆಕಾರದಲ್ಲಿ ಲೋಪ ಕಾಣುವುದಿಲ್ಲ.

ಅಂಡಾಣುವಿನ ಹತ್ತಿರ ಬಂದಾಗ ಇದೇ ಕವಚ ಅಡ್ಡಿಯಾಗುತ್ತದೆ, ಕಳಚಬೇಕಾಗುತ್ತದೆ. ಸಿಯಾಲಿಕ್ ಆಮ್ಲವನ್ನು ಕತ್ತರಿಸುವ ಕಿಣ್ವಗಳು ಆ ಕೆಲಸ ಮಾಡುತ್ತವೆ. ಆ ಬಳಿಕ ಮನುಷ್ಯರ ವೀರ್ಯಾಣು ಅಂಡಾಣುವಿನ ಹೊರಪೊರೆಯನ್ನು ಗುರುತಿಸುವುದೂ ಒಂದು ಸಕ್ಕರೆ ಸರದ ನೆರವಿನಿಂದ: ಸಿಯಾಲಿಲ್ ಲೂಯಿಸ್ ಎಕ್ಸ್. ಇದು ಗೊತ್ತಾದದ್ದೂ 2011ರಲ್ಲಿಯೇ.

ವಯಸ್ಸಾದವರಲ್ಲಿ ಈ ಕವಚ ತೆಳುವಾಗುತ್ತದೆಯೇ?

ಎಪಿಡಿಡಿಮಿಸ್ ಮುದಿಯಾಗುವುದನ್ನು ಅತಿ ಹತ್ತಿರದಿಂದ ನೋಡಿರುವುದು ಬ್ರೌನ್ ನಾರ್ವೆ ಎಂಬ ಇಲಿ ತಳಿಯಲ್ಲಿ. ಈ ಇಲಿಗಳು ಬೊಜ್ಜು ಬೆಳೆಸಿಕೊಳ್ಳದೆ, ವೃಷಣದ ಗೆಡ್ಡೆಗಳಿಲ್ಲದೆ ಮುದಿಯಾಗುತ್ತವೆ. ಅದಕ್ಕಾಗಿಯೇ ಅವನ್ನು ಆರಿಸಿದ್ದು. ಮುದಿ ಇಲಿಯ ಎಪಿಡಿಡಿಮಿಸ್‌ನಲ್ಲಿ ತಳಪೊರೆ ದಪ್ಪ, ಕೋಶಗಳೊಳಗೆ ದೊಡ್ಡ ಗುಳ್ಳೆಗಳು, ಅರಗದ ಕಣಗಳ ರಾಶಿ, ರೋಗನಿರೋಧಕ ಕೋಶಗಳ ಹೆಚ್ಚಳ. ಕವಚ ತೊಡಿಸುವ ಕೆಲಸ ಈ ಕೋಶಗಳದೇ ಆದ್ದರಿಂದ ಕೆಲಸದಲ್ಲಿ ಏರುಪೇರು ಬರುವುದು ಸಹಜ.

ಆದರೆ 'ತೆಳು' ಎಂಬುದಕ್ಕಿಂತ 'ಹೊಂದಿಕೆ ತಪ್ಪಿದ' ಎನ್ನುವುದು ನಿಜಕ್ಕೆ ಹತ್ತಿರ. ಸಿಯಾಲಿಕ್ ಆಮ್ಲ ಕಡಿಮೆಯಾದರೆ ವೀರ್ಯಾಣು ಹಾದಿಯಲ್ಲೇ ಸೆರೆ ಸಿಗುತ್ತದೆ, ಕಳಚದೆ ಉಳಿದರೆ ಅಂಡಾಣುವಿಗೆ ಅಂಟುವುದಿಲ್ಲ. ಮಕ್ಕಳಾಗದ ಗಂಡಸರ ವೀರ್ಯದಲ್ಲಿ ಫ್ಯೂಕೋಸ್ ಮತ್ತು ಸಿಯಾಲಿಕ್ ಆಮ್ಲದ ವಿನ್ಯಾಸ ಬೇರೆಯಾಗಿರುವುದನ್ನು ಹಲವು ಪ್ರಯೋಗಾಲಯಗಳು ತೋರಿಸಿವೆ. ವಯಸ್ಸು, ಧೂಮಪಾನ, ಸೋಂಕು, ಬೊಜ್ಜು ಎಲ್ಲ ಒಬ್ಬನಲ್ಲೇ ಕೂಡಿದಾಗ ಅದರಲ್ಲಿ ವಯಸ್ಸಿನ ಪಾಲು ಎಷ್ಟು ಎಂದು ಬಿಡಿಸುವುದು ಸುಲಭವಲ್ಲ. ವಯಸ್ಸೊಂದನ್ನೇ ಬೈಯುವುದು ಬೇಡ.

ಕಾಯಿಲೆ, ಊಟ, ಪರೀಕ್ಷೆ

ನನಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಅದರಿಂದ ಇದೆಲ್ಲ ಬೇಗ ಆಗುತ್ತದೆಯೇ?

ಎರಡನೆಯ ದಾರಿಯದು ಬೇಗ ಆಗುತ್ತದೆ. ನೀವು ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಇದನ್ನೇ, ಹಿಮೋಗ್ಲೋಬಿನ್‌ಗೆ ಗ್ಲೂಕೋಸ್ ಎಷ್ಟು ಅಂಟಿದೆ ಎಂಬುದನ್ನು. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಆದ್ದರಿಂದ ಅದು ಕಳೆದ ಎರಡು ಮೂರು ತಿಂಗಳ ಕಥೆ ಹೇಳುತ್ತದೆ. ಒಂದು ತಂಡ ವೀರ್ಯಾಣು ಬೆಳೆಯಲು ಹಿಡಿಯುವ ಕಾಲವೂ ಹೆಚ್ಚುಕಡಿಮೆ ಅಷ್ಟೇ.

ಅಂಟಿ ಹಳತಾದ ಸಕ್ಕರೆ-ಪ್ರೋಟೀನನ್ನು ಗುರುತಿಸಿ ಉರಿಯೂತ ಎಬ್ಬಿಸುವ ಆರ್‌ಎಜಿಇ ಎಂಬ ಗ್ರಾಹಕ ಅಣು ನಮ್ಮ ಅಂಗಾಂಶಗಳಲ್ಲಿ ಇದೆ. ಮನುಷ್ಯರ ವೃಷಣ, ಎಪಿಡಿಡಿಮಿಸ್ ಮತ್ತು ವೀರ್ಯಾಣುವಿನ ಮೇಲೂ ಅದನ್ನು ಕಂಡಿದ್ದಾರೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೆಚ್ಚು. 2007ರಲ್ಲಿ ಬೆಲ್‌ಫಾಸ್ಟ್‌ನ ಸಂಶೋಧಕರು ಸಕ್ಕರೆ ಕಾಯಿಲೆಯ ಗಂಡಸರ ವೀರ್ಯ ಪರೀಕ್ಷಿಸಿದಾಗ ಎಣಿಕೆ, ಆಕಾರ ಬಹುಮಟ್ಟಿಗೆ ಸರಿಯಿದ್ದರೂ ಒಳಗಿನ ಡಿಎನ್‌ಎ ತುಂಡಾದದ್ದು ಹೆಚ್ಚಾಗಿತ್ತು. ಎಂದರೆ ಮಾಮೂಲಿ ವರದಿ ಚೆನ್ನಾಗಿದೆ ಎಂದು ನಿಶ್ಚಿಂತರಾಗಿ ಇರುವಂತಿಲ್ಲ.

ಸಕ್ಕರೆ ಹತೋಟಿಗೆ ತಂದರೆ ಹೊಸದಾಗಿ ಅಂಟುವುದು ತಗ್ಗುತ್ತದೆ. ಹಳೆಯ ಕೊಲಾಜೆನ್‌ಗೆ ಅಂಟಿದ್ದು ಬಿಡುವುದಿಲ್ಲ. ವೀರ್ಯ ಹೊರಬರುವುದೇ ಕಡಿಮೆಯಾಗಿದ್ದರೆ ಅದನ್ನು ವೈದ್ಯರಿಗೆ ಬಾಯಿ ಬಿಟ್ಟು ಹೇಳಿ: ಸಕ್ಕರೆ ಕಾಯಿಲೆಯಿಂದ ನರ ದುರ್ಬಲವಾಗಿ ವೀರ್ಯ ಹಿಂದಕ್ಕೆ, ಮೂತ್ರಕೋಶಕ್ಕೆ ಹೋಗುವುದುಂಟು. ಅದಕ್ಕೆ ಚಿಕಿತ್ಸೆ ಇದೆ.

ಹುರಿದ ಮಾಂಸದಲ್ಲಿ ಇದೇ ಅಂಟು ಸಕ್ಕರೆ ಇರುತ್ತದಂತೆ. ಪಂದಿಕರಿ ಬಿಡಬೇಕೇ?

ಈ ಪ್ರಶ್ನೆ ಕೇಳುವಾಗ ಎದುರಿಗಿರುವವರ ಮುಖದಲ್ಲಿ ಕಾಣುವ ಭಯವನ್ನು ನಾನು ಬೇರೆ ಯಾವ ಪ್ರಶ್ನೆಗೂ ಕಂಡಿಲ್ಲ.

ಒಣ ಬಿಸಿಯಲ್ಲಿ, ಹೆಚ್ಚು ಉರಿಯಲ್ಲಿ ಸುಟ್ಟು ಕರಿದ ಮಾಂಸದಲ್ಲಿ ಮಯ್ಯಾರ್ ಕ್ರಿಯೆಯ ಉತ್ಪನ್ನಗಳು ಹೆಚ್ಚು. ನೀರಿನಂಶದಲ್ಲಿ ಬೇಯಿಸಿದರೆ ಕಡಿಮೆ. ಹುಳಿ ಹಾಕಿ ನೆನೆಸಿ ಬೇಯಿಸಿದರೆ ಇನ್ನೂ ಕಡಿಮೆ ಎಂದು ನಿಂಬೆರಸ, ವಿನಿಗರ್ ಬಳಸಿ ಅಳೆದು ನೋಡಿದ್ದಾರೆ. ನಮ್ಮ ಪಂದಿಕರಿಗೆ ಹಾಕುವ ಕಾಚಂಪುಳಿಯೂ ಗಟ್ಟಿ ಹುಳಿಯೇ. ಹಾಗಾಗಿ ನಿಧಾನ ಉರಿಯಲ್ಲಿ ಬೆಂದು ಕಾಚಂಪುಳಿ ಬಿದ್ದ ಪಂದಿಕರಿ ಈ ಲೆಕ್ಕದಲ್ಲಿ ಸುಟ್ಟ ಮಾಂಸಕ್ಕಿಂತ ವಾಸಿ ಇರಬೇಕು ಎಂಬುದು ನನ್ನ ಊಹೆ. ಕಾಚಂಪುಳಿ ಕುಡಿದರೆ ವೃಷಣ ಹರೆಯಕ್ಕೆ ಮರಳುತ್ತದೆ ಎಂದು ಮಾತ್ರ ಯಾರೂ ಇದನ್ನು ಓದಿಕೊಳ್ಳಬೇಡಿ. ಊಟದಲ್ಲಿ ಬಂದ ಈ ವಸ್ತುಗಳ ಒಂದು ಸಣ್ಣ ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆ. ಪಂದಿಕರಿಯಲ್ಲಿ ಹೆದರಬೇಕಾದ್ದು ಇದ್ದರೆ ಅದು ಕೊಬ್ಬಿನ ಪ್ರಮಾಣ ಮತ್ತು ಜೊತೆಗೆ ಬರುವ ಗ್ಲಾಸು.

ಮಗನಿಗೆ ನಲವತ್ತೊಂದು. ತೋಟ, ಕೋರ್ಟು ಎಂದು ಮದುವೆ ತಡವಾಯಿತು. ಮಕ್ಕಳಾಗುವುದಕ್ಕೆ ತೊಂದರೆ ಇದೆಯೇ?

ನಲವತ್ತೊಂದು ಗಂಡಸಿಗೆ ಕೊನೆಯ ಬಸ್ಸಲ್ಲ. ಆದರೆ ವಯಸ್ಸಿಗೆ ಲೆಕ್ಕವೇ ಇಲ್ಲ ಎಂಬ ಹಳೆಯ ಧೈರ್ಯವೂ ಸರಿಯಲ್ಲ. ನಲವತ್ತು ದಾಟಿದ ಮೇಲೆ ವೀರ್ಯದ ಪ್ರಮಾಣ, ವೀರ್ಯಾಣುವಿನ ಚಲನೆ ಇಳಿಮುಖವಾಗುತ್ತವೆ, ಡಿಎನ್‌ಎ ತುಂಡಾಗುವುದು ಹೆಚ್ಚುತ್ತದೆ. ತಂದೆಯ ವಯಸ್ಸು ವರ್ಷಕ್ಕೊಂದು ಏರಿದಂತೆ ಮಗುವಿಗೆ ದಾಟುವ ಹೊಸ ಜೀನ್ ಬದಲಾವಣೆಗಳು ಒಂದೂವರೆಯಿಂದ ಎರಡರಷ್ಟು ಹೆಚ್ಚುತ್ತವೆ. ಅವುಗಳಲ್ಲಿ ಬಹುಪಾಲು ನಿರುಪದ್ರವಿ. ಸೊಸೆಯ ವಯಸ್ಸು ಇದಕ್ಕಿಂತ ದೊಡ್ಡ ಅಂಶ. ಅವಳಿಗೆ ಮೂವತ್ತೈದಕ್ಕಿಂತ ಹೆಚ್ಚಾಗಿದ್ದರೆ ಆರು ತಿಂಗಳು ನೋಡಿ, ಇಲ್ಲವಾದರೆ ಒಂದು ವರ್ಷ. ಬಳಿಕ ಇಬ್ಬರೂ ಒಟ್ಟಿಗೆ ವೈದ್ಯರ ಬಳಿ ಹೋಗಲಿ. ಸೊಸೆಯನ್ನು ಒಬ್ಬಳನ್ನೇ ಮೈಸೂರಿಗೆ ಕಳುಹಿಸಿ, ಮಗ ತೋಟದಲ್ಲಿ ಉಳಿಯುವ ಪದ್ಧತಿಯನ್ನು ಈಗಲಾದರೂ ಬಿಡಬೇಕು.

ಪ್ರಾಸ್ಟೇಟ್ ಬಯಾಪ್ಸಿ ವರದಿಯಲ್ಲಿ 'ಕಾರ್ಪೋರಾ ಅಮೈಲೇಸಿಯಾ' ಎಂದು ಬರೆದಿದ್ದಾರೆ. ಕ್ಯಾನ್ಸರ್ ಹೆಸರೇ?

ಅಲ್ಲ. ಪ್ರಾಸ್ಟೇಟ್ ಗ್ರಂಥಿಯ ನಾಳಗಳಲ್ಲಿ ಪದರ ಪದರವಾಗಿ ಗಟ್ಟಿಯಾಗುವ ದುಂಡು ಕಣಗಳು ಅವು. ಹುಡುಗರಲ್ಲಿ ಅಪರೂಪ, ವಯಸ್ಸಾದವರಲ್ಲಿ ಸಾಮಾನ್ಯ. ಲ್ಯಾಕ್ಟೋಫೆರಿನ್‌ನಂಥ ಉರಿಯೂತದ ಪ್ರೋಟೀನುಗಳು ಮತ್ತು ಗಂಧಕ ಸೇರಿದ ಸಕ್ಕರೆ ಸರಗಳು ಅವುಗಳಲ್ಲಿ ಇರುತ್ತವೆ. ಮೇಲೆ ಸುಣ್ಣದಂಶ ಕೂತರೆ ಚಿಕ್ಕ ಕಲ್ಲಾಗುತ್ತದೆ. ವರದಿಯ ಉಳಿದ ಸಾಲುಗಳನ್ನು ವೈದ್ಯರಿಂದ ಓದಿಸಿ. ಈ ಸಾಲಿಗೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಸೇನೆಯಿಂದ ನಿವೃತ್ತನಾದವನು, ಅರವತ್ತೇಳು. ಪಿಎಸ್‌ಎ ಹೆಚ್ಚು ಬಂದಿದೆ. ಅದಕ್ಕೂ ಸಕ್ಕರೆಗೂ ನಂಟಿದೆ ಎಂದಿರಿ, ಹೇಗೆ?

ಪಿಎಸ್‌ಎ ಪ್ರಾಸ್ಟೇಟ್ ತಯಾರಿಸುವ ಪ್ರೋಟೀನ್. ಅದರ ತೂಕದಲ್ಲಿ ನೂರಕ್ಕೆ ಸುಮಾರು 8 ಭಾಗ ಸಕ್ಕರೆ ಸರ, ಅದೂ ಒಂದೇ ಜಾಗದಲ್ಲಿ ಕೂತದ್ದು. ವಯಸ್ಸಾದಂತೆ ಗ್ರಂಥಿ ಊದಿಕೊಳ್ಳುವುದರಿಂದ ಪಿಎಸ್‌ಎ ತಾನಾಗಿಯೇ ಸ್ವಲ್ಪ ಏರುತ್ತದೆ, ಸೋಂಕಿನಿಂದಲೂ ಏರುತ್ತದೆ. ಏರಿದ್ದು ಯಾವುದರಿಂದ ಎಂದು ಸಂಖ್ಯೆ ಒಂದೇ ಹೇಳಲಾರದು.

ಸಕ್ಕರೆ ಸರ ಉಪಯೋಗಕ್ಕೆ ಬರುವುದು ಇಲ್ಲಿಯೇ. ಕ್ಯಾನ್ಸರ್ ಕೋಶ ತಯಾರಿಸಿದ ಪಿಎಸ್‌ಎಯಲ್ಲಿ ಸರದ ತುದಿಯ ಸಿಯಾಲಿಕ್ ಆಮ್ಲ ಬೇರೆ ಕೋನದಲ್ಲಿ ಜೋಡಣೆಯಾಗಿರುವುದು ಹೆಚ್ಚು, ಫ್ಯೂಕೋಸ್‌ನ ವಿನ್ಯಾಸವೂ ಬದಲಾಗಿರುತ್ತದೆ. ಅದನ್ನು ಹಿಡಿಯುವ ಪರೀಕ್ಷೆಗಳನ್ನು ಜಪಾನ್ ಮೊದಲಾದ ಕಡೆ ಬೆಳೆಸುತ್ತಿದ್ದಾರೆ. ಸದ್ಯಕ್ಕೆ ನಿಮ್ಮ ದಾರಿ ಮಾಮೂಲಿಯದೇ: ಮತ್ತೊಮ್ಮೆ ಪಿಎಸ್‌ಎ, ಬೆರಳಿನ ಪರೀಕ್ಷೆ (ಗುದದ್ವಾರದ ಮೂಲಕ ಗ್ರಂಥಿ ಮುಟ್ಟಿ ನೋಡುವುದು), ಬೇಕಾದರೆ ಎಂಆರ್‌ಐ. ಬೆರಳಿನ ಪರೀಕ್ಷೆಗೆ ನಾಚಿ ಓಡಿಬಂದ ಸುಬೇದಾರರನ್ನೂ ನಾನು ಕಂಡಿದ್ದೇನೆ. ಗಡಿಯಲ್ಲಿ ನಿಂತ ಎದೆ ಇಲ್ಲಿ ಏಕೆ ಹಿಂಜರಿಯಬೇಕು?

ಗ್ಲೈಕಾನ್ ನೋಡಿ ನಿಜವಾದ ವಯಸ್ಸು ಹೇಳುವ ಪರೀಕ್ಷೆಯ ಜಾಹೀರಾತು ಮೊಬೈಲಿನಲ್ಲಿ ಬಂತು. ಮಾಡಿಸಬಹುದೇ?

ಹಿಂದಿರುವ ವಿಜ್ಞಾನ ಸುಳ್ಳಲ್ಲ. ರಕ್ತದ ಐಜಿಜಿ ಪ್ರತಿಕಾಯದ ಮೇಲಿನ ಸರಗಳಲ್ಲಿ ಗ್ಯಾಲಕ್ಟೋಸ್ ವಯಸ್ಸಾದಂತೆ ಕಡಿಮೆಯಾಗುತ್ತದೆ, ಉರಿಯೂತ ಇದ್ದವರಲ್ಲಿ ಇನ್ನೂ ಕಡಿಮೆ. ಸಂಧಿವಾತದಲ್ಲಿ ಇದನ್ನು 1985ರಲ್ಲಿಯೇ ತೋರಿಸಿದ್ದರು. ಆದರೆ ಅದು ರೋಗನಿರೋಧಕ ವ್ಯವಸ್ಥೆಯ ಗುರುತು. ವೃಷಣದ ಅಂಗಾಂಶದೊಳಗೆ ಏನಾಗಿದೆ ಎಂದು ಅದರಿಂದ ಓದಲಾಗದು. ಸಂತಾನದ ಚಿಂತೆ ಇದ್ದರೆ ಆ ಹಣದಲ್ಲಿ ಒಂದು ಸರಿಯಾದ ವೀರ್ಯ ಪರೀಕ್ಷೆ ಮಾಡಿಸಿ.

ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಂಡರೆ ಎಲ್ಲ ಸರಿಹೋಗುವುದಿಲ್ಲವೇ? ಜಿಮ್‌ನಲ್ಲಿ ಹಾಗೆ ಹೇಳಿದರು.

ಮಕ್ಕಳು ಬೇಕೆನ್ನುವವರು ಇದನ್ನು ಮಾಡಲೇಬಾರದು. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ಮೆದುಳು ವೃಷಣಕ್ಕೆ ಸಂಕೇತ ಕಳುಹಿಸುವುದನ್ನು ನಿಲ್ಲಿಸುತ್ತದೆ, ವೀರ್ಯಾಣು ಹುಟ್ಟುವುದು ಪೂರ್ತಿ ನಿಂತರೂ ನಿಲ್ಲಬಹುದು. ಬಿಟ್ಟ ಮೇಲೆ ಮರಳಿ ಬರಲು ತಿಂಗಳುಗಟ್ಟಲೆ ಬೇಕು.

ಇನ್ನೂ ಆಳಕ್ಕೆ ಇಳಿಯುವವರಿಗೆ

ಕಣ್ಣಿಗೆ ಕಾಣದ ಈ ಸರಗಳನ್ನು ವಿಜ್ಞಾನಿಗಳು ನೋಡುವುದು ಹೇಗೆ? (ಮಡಿಕೇರಿಯ ಪಿಯುಸಿ ವಿದ್ಯಾರ್ಥಿನಿ)

ನಿನ್ನ ಅಡುಗೆಮನೆಯಲ್ಲಿ ಅದಕ್ಕೆ ಬೇಕಾದ ಸಾಮಾನು ಇದೆ ಮಗಳೇ. ಬೀಜಗಳಲ್ಲಿ ಲೆಕ್ಟಿನ್ ಎಂಬ ಪ್ರೋಟೀನುಗಳಿರುತ್ತವೆ. ಒಂದೊಂದು ಲೆಕ್ಟಿನ್ ಒಂದೊಂದು ಬಗೆಯ ಸಕ್ಕರೆಯನ್ನೇ ಹುಡುಕಿ ಹಿಡಿಯುತ್ತದೆ. ಮೊದಲು ಸಿಕ್ಕದ್ದು ಹರಳು ಬೀಜದಲ್ಲಿ, 1888ರಲ್ಲಿ. ಅದು ಭಾರಿ ವಿಷ, ಮುಟ್ಟಬೇಡ. ಹುರುಳಿಯ ಲೆಕ್ಟಿನ್ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಹಿಡಿಯುತ್ತದೆ; ರಕ್ತನಿಧಿಗಳಲ್ಲಿ ಎ ಗುಂಪಿನ ಒಳವಿಭಾಗವಾದ ಎ1 ಅನ್ನು ಗುರುತಿಸಲು ಅದನ್ನೇ ಬಳಸುತ್ತಾರೆ. ಹಲಸಿನ ಬೀಜದ ಜಾಕಲಿನ್ ಗ್ಯಾಲಕ್ಟೋಸ್ ಇರುವ ಒಂದು ಬಗೆಯ ಸರವನ್ನು ಹಿಡಿಯುತ್ತದೆ. ಗೋಧಿ ಮೊಳಕೆಯದು ಎನ್-ಅಸಿಟೈಲ್ ಗ್ಲೂಕೋಸಮೈನ್ ಮತ್ತು ಸಿಯಾಲಿಕ್ ಆಮ್ಲವನ್ನು. ಕಡಲೆಕಾಯಿಯದು ವೀರ್ಯಾಣುವಿನ ತಲೆಯ ಟೊಪ್ಪಿಗೆಯಂಥ ಭಾಗಕ್ಕೆ ಅಂಟುವುದರಿಂದ ಆ ಟೊಪ್ಪಿಗೆ ಇದೆಯೋ ಕಳಚಿದೆಯೋ ನೋಡಲು ಉಪಯೋಗ.

ಈ ಲೆಕ್ಟಿನ್‌ಗಳಿಗೆ ಹೊಳೆಯುವ ಬಣ್ಣ ಕಟ್ಟಿ, ತೆಳುವಾಗಿ ಕೊಯ್ದ ವೃಷಣದ ತುಣುಕಿನ ಮೇಲೆ ಹಾಕಿ, ತೊಳೆದು ನೋಡಿದರೆ ಎಲ್ಲಿ ಯಾವ ಸಕ್ಕರೆ ಇದೆ ಎಂಬ ನಕ್ಷೆ ಸಿಗುತ್ತದೆ. ಎಳೆಯದು, ಮುದಿಯದು ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೊಳಪು ಎಲ್ಲಿ ತಗ್ಗಿತು, ಎಲ್ಲಿ ಹೆಚ್ಚಿತು ಎಂದು ಕಾಣುತ್ತದೆ. ಒಂದು ಎಚ್ಚರ: ಹೊಳಪು ತಗ್ಗಿದೆ ಎಂದ ಮಾತ್ರಕ್ಕೆ ಸಕ್ಕರೆ ಇಲ್ಲ ಎಂದಲ್ಲ. ಅದರ ಮೇಲೆ ಸಿಯಾಲಿಕ್ ಆಮ್ಲ ಕೂತು ಮರೆಮಾಡಿದ್ದರೂ ಲೆಕ್ಟಿನ್‌ಗೆ ಸಿಗುವುದಿಲ್ಲ. ಅದಕ್ಕೇ ಸಿಯಾಲಿಕ್ ಆಮ್ಲವನ್ನು ಕಿಣ್ವದಿಂದ ಕತ್ತರಿಸಿ ಮತ್ತೊಮ್ಮೆ ನೋಡುತ್ತಾರೆ.

ಸಕ್ಕರೆ ಸರ ಕೆಟ್ಟರೆ ನಿಜವಾಗಿಯೂ ಮಕ್ಕಳಾಗುವುದಿಲ್ಲ ಎಂಬುದಕ್ಕೆ ಪುರಾವೆ ಏನು?

ಇಲಿಯಲ್ಲಿ ಒಂದೇ ಜೀನ್ ತೆಗೆದು ನೋಡಿದ ಪ್ರಯೋಗಗಳು. ಸರವನ್ನು ಕತ್ತರಿಸಿ ರೂಪಿಸುವ ಆಲ್ಫಾ-ಮ್ಯಾನೋಸಿಡೇಸ್ ಐಐಎಕ್ಸ್ ಎಂಬ ಕಿಣ್ವ ಇಲ್ಲದ ಗಂಡು ಇಲಿಗಳಲ್ಲಿ ಬೆಳೆಯುವ ವೀರ್ಯಾಣುಗಳು ಸೆರ್ಟೋಲಿ ಕೋಶಕ್ಕೆ ಹಿಡಿದು ನಿಲ್ಲಲಾರದೆ ಬಲಿಯುವ ಮುಂಚೆಯೇ ಉದುರುತ್ತವೆ ಎಂದು 2002ರಲ್ಲಿ ತೋರಿಸಿದರು. ಸೆಮಿನೋಲಿಪಿಡ್‌ನದು ಇನ್ನೂ ಸ್ಪಷ್ಟ. ವೃಷಣದಲ್ಲಿರುವ ಸಕ್ಕರೆ ಸೇರಿದ ಕೊಬ್ಬಿನಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಇದೊಂದರದೇ. ಗ್ಯಾಲಕ್ಟೋಸ್, ಅದರ ಮೇಲೊಂದು ಗಂಧಕದ ಗುಂಪು. ಇದನ್ನು ತಯಾರಿಸಲಾಗದ ಇಲಿಯಲ್ಲಿ ವೀರ್ಯಾಣುವಿನ ಬೆಳವಣಿಗೆ ನಡುವೆಯೇ ನಿಲ್ಲುತ್ತದೆ. ಇವು ಪೂರ್ತಿ ಇಲ್ಲವಾದಾಗ ಆಗುವುದು. ವಯಸ್ಸು ಪೂರ್ತಿ ಕಿತ್ತುಕೊಳ್ಳುವುದಿಲ್ಲ, ಅಷ್ಟಷ್ಟೇ ಕೊರೆಯುತ್ತದೆ. ಆದ್ದರಿಂದ ಅದರ ಪರಿಣಾಮವೂ ನಿಧಾನ ಮತ್ತು ಒಬ್ಬೊಬ್ಬರಿಗೆ ಒಂದೊಂದು ಬಗೆ.

ಫ್ರಕ್ಟೋಸ್ ಗ್ಲೂಕೋಸಿಗಿಂತ ಬೇಗ ಅಂಟುತ್ತದೆ ಎಂದು ಓದಿದೆ. ಹಾಗಿದ್ದರೆ ವೀರ್ಯಕೋಶ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಂತೆ ಆಗಲಿಲ್ಲವೇ?

ಚುರುಕಾದ ಪ್ರಶ್ನೆ. ಪ್ರೋಟೀನಿಗೆ ಅಂಟುವುದರಲ್ಲಿ ಫ್ರಕ್ಟೋಸ್ ಗ್ಲೂಕೋಸಿಗಿಂತ ಏಳೆಂಟು ಪಟ್ಟು ಚುರುಕು ಎಂದು ಪ್ರಯೋಗಾಲಯದಲ್ಲಿ ಅಳೆದಿದ್ದಾರೆ. ವೀರ್ಯಾಣುವನ್ನು ಉಳಿಸುವುದು ಗ್ರಂಥಿಗಳ ಜೋಡಣೆ. ವೀರ್ಯಾಣು ದಿನಗಟ್ಟಲೆ ಕಾಯುವುದು ಎಪಿಡಿಡಿಮಿಸ್‌ನಲ್ಲಿ. ಫ್ರಕ್ಟೋಸ್ ದ್ರವ ಬೇರೆ ಗ್ರಂಥಿಯಲ್ಲಿ ಇರುತ್ತದೆ. ಎರಡೂ ಸೇರುವುದು ಸ್ಖಲನದ ಹೊತ್ತಿಗೆ ಮಾತ್ರ, ಬಳಿಕ ವೀರ್ಯಾಣು ಬೇಗನೆ ಆ ದ್ರವವನ್ನು ಬಿಟ್ಟು ಹೋಗುತ್ತದೆ.

ಗ್ಲೂಕೋಸನ್ನು ಸಾರ್ಬಿಟಾಲ್ ಮಾಡಿ, ಅದನ್ನು ಫ್ರಕ್ಟೋಸ್ ಮಾಡುವ ಎರಡು ಮೆಟ್ಟಿಲಿನ ದಾರಿಯನ್ನು 1956ರಲ್ಲಿ ಗುರುತಿಸಿದ್ದು ಕುರಿಯ ವೀರ್ಯಕೋಶದಲ್ಲಿ. ಸ್ವಲ್ಪ ಕಾಲದಲ್ಲೇ ಸಕ್ಕರೆ ಕಾಯಿಲೆಯ ಇಲಿಗಳ ಕಣ್ಣಿನ ಮಸೂರದಲ್ಲೂ ಸಾರ್ಬಿಟಾಲ್ ಸಿಕ್ಕಿತು, ಅಲ್ಲಿ ಪೊರೆ ಬರಿಸುವ ಕೇಡಿಯಾಗಿ. ವೀರ್ಯಕೋಶಕ್ಕೆ ನಿತ್ಯದ ಕಸುಬಾದದ್ದು ಕಣ್ಣಿಗೆ ರೋಗ.

ಹೋರಿಗಳಲ್ಲೂ ಹೀಗೆಯೇ ಆಗುತ್ತದೆಯೇ? ನಮ್ಮಲ್ಲಿ ಕೃತಕ ಗರ್ಭಧಾರಣೆಗೆ ಬರುವ ವೀರ್ಯ ಯಾವ ವಯಸ್ಸಿನ ಹೋರಿಯದೋ ಗೊತ್ತಿಲ್ಲ. (ಸೋಮವಾರಪೇಟೆ)

ಹೋರಿಯ ವೀರ್ಯಾಣುವಿಗೂ ಸಕ್ಕರೆಗೂ ಇರುವ ನಂಟು ಮನುಷ್ಯನದಕ್ಕಿಂತ ಚೆನ್ನಾಗಿ ತಿಳಿದಿದೆ. ಹಸುವಿನ ಅಂಡನಾಳದ ಗೋಡೆಯಲ್ಲಿ ಫ್ಯೂಕೋಸ್ ಇರುವ ಸರಗಳಿವೆ. ಹೋರಿಯ ವೀರ್ಯಕೋಶದಿಂದ ಬಂದು ವೀರ್ಯಾಣುವಿನ ಮೇಲೆ ಕೂತ ಪ್ರೋಟೀನು ಅವನ್ನು ಹಿಡಿದುಕೊಳ್ಳುವುದರಿಂದ ವೀರ್ಯಾಣು ಅಂಡಾಣು ಬರುವವರೆಗೂ ಅಲ್ಲಿಯೇ ತಂಗುತ್ತದೆ. ಪ್ರಯೋಗಾಲಯದಲ್ಲಿ ಹೋರಿಯ ವೀರ್ಯಾಣುವನ್ನು ಫಲೀಕರಣಕ್ಕೆ ಸಿದ್ಧಪಡಿಸಲು ಹಾಕುವ ಹೆಪರಿನ್ ಕೂಡ ಒಂದು ಸಕ್ಕರೆ ಸರವೇ. ವೀರ್ಯ ಕೇಂದ್ರಗಳಲ್ಲಿ ಹೆಪ್ಪುಗಟ್ಟಿಸಿ ಕರಗಿಸಿದ ಬಳಿಕ ಚಲನೆ ಪರೀಕ್ಷಿಸಿಯೇ ವೀರ್ಯ ತುಂಬಿದ ಕಡ್ಡಿ ಕಳುಹಿಸುತ್ತಾರೆ, ಹೋರಿಯ ವಯಸ್ಸಿಗಿಂತ ಆ ಪರೀಕ್ಷೆ ಮುಖ್ಯ. ನಿಮ್ಮ ಹಸು ಕಟ್ಟದಿದ್ದರೆ ಮೊದಲು ಬೆದೆಯ ಹೊತ್ತು ಸರಿಯಾಗಿ ನೋಡಿದಿರಾ ಎಂದು ಕೇಳಿಕೊಳ್ಳಿ.

ಐವಿಎಫ್‌ನಲ್ಲಿ ಸಕ್ಕರೆಗೆ ಅಂಟುವ ವೀರ್ಯಾಣುವನ್ನು ಆರಿಸುತ್ತೇವೆ, ಹೆಚ್ಚು ಹಣ ಎಂದರು. ಉಪಯೋಗವಿದೆಯೇ?

ಅವರು ಹೇಳಿದ್ದು ಹಯಲುರೋನನ್ ಎಂಬ ಉದ್ದ ಸಕ್ಕರೆ ಸರದ ವಿಷಯ. ಅಂಡಾಣುವಿನ ಸುತ್ತಲಿನ ಕೋಶಗಳ ನಡುವೆ ಅದು ಹೇರಳ, ಬಲಿತ ವೀರ್ಯಾಣು ಅದಕ್ಕೆ ಹಿಡಿದುಕೊಳ್ಳುತ್ತದೆ. ಬ್ರಿಟನ್ನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಈ ಆಯ್ಕೆಯಿಂದ ಮಗು ಹುಟ್ಟುವ ಪ್ರಮಾಣ ಹೆಚ್ಚಲಿಲ್ಲ. ಗರ್ಭಪಾತ ಮಾತ್ರ ಕಡಿಮೆ ಕಂಡಿತು. ಹಿಂದೆ ಗರ್ಭ ನಿಂತು ಹೋದದ್ದಿದ್ದರೆ ವೈದ್ಯರೊಡನೆ ಚರ್ಚಿಸಬಹುದು. ಎಲ್ಲರಿಗೂ ಬೇಕು ಎಂದು ನನಗೆ ಅನ್ನಿಸುವುದಿಲ್ಲ.

ಇಲಿಗೆ ಗ್ಯಾಲಕ್ಟೋಸ್ ಕೊಟ್ಟು ಮುದಿ ಮಾಡುತ್ತಾರಂತೆ. ಹಾಲಿನಲ್ಲೂ ಗ್ಯಾಲಕ್ಟೋಸ್ ಇದೆಯಲ್ಲ, ಕಾಫಿಗೆ ಹಾಲು ಹಾಕುವುದನ್ನು ಬಿಡಬೇಕೇ?

ಬೇಡ. ಆ ಪ್ರಯೋಗಗಳಲ್ಲಿ ಡಿ-ಗ್ಯಾಲಕ್ಟೋಸನ್ನು ದೊಡ್ಡ ಪ್ರಮಾಣದಲ್ಲಿ, ಬಹುತೇಕ ಇಂಜೆಕ್ಷನ್ ಮೂಲಕ, ವಾರಗಟ್ಟಲೆ ಪ್ರತಿದಿನ ಕೊಡುತ್ತಾರೆ. ಯಕೃತ್ತು ಅರಗಿಸುವುದಕ್ಕಿಂತ ಹೆಚ್ಚು. ಉಳಿದದ್ದು ಪ್ರೋಟೀನುಗಳಿಗೆ ಅಂಟುತ್ತದೆ, ಉತ್ಕರ್ಷಣದ ಹಾನಿ ಹೆಚ್ಚುತ್ತದೆ, ವೃಷಣದ ನಾಳಗಳು ಸೊರಗುತ್ತವೆ. ಒಂದು ಲೋಟ ಕಾಫಿಯ ಹಾಲಿನಲ್ಲಿರುವ ಗ್ಯಾಲಕ್ಟೋಸನ್ನು ಯಕೃತ್ತು ಸದ್ದಿಲ್ಲದೆ ಗ್ಲೂಕೋಸಿನ ದಾರಿಗೆ ಸೇರಿಸುತ್ತದೆ. ಆ ಲೋಟಕ್ಕೆ ನೀವು ಹಾಕುವ ಮೂರು ಚಮಚ ಸಕ್ಕರೆಯ ಬಗ್ಗೆ ಮಾತ್ರ ಬೇರೆಯಾಗಿ ಮಾತನಾಡೋಣ.